ಒಂದೇ ಫೋನಿನ ತಾಳಮದ್ದಳೆ ಮೂವರ ಕಿವಿಗೆ: ಆರಾಕಾಸ್ಟ್‌ನಲ್ಲಿ ಒಬ್ಬರಿಗೆ ಸದ್ದೇ ಇಲ್ಲ

ಪ್ರಶ್ನೆ (ಡೊಂಬಿವಲಿಯಿಂದ):

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ರಾತ್ರಿ ಹತ್ತರ ಮೇಲೆ ಸ್ಪೀಕರಿನಲ್ಲಿ ತಾಳಮದ್ದಳೆ ಹಾಕಿದರೆ ಪಕ್ಕದವರು ಗೋಡೆ ತಟ್ಟುತ್ತಾರೆ. ಆದ್ದರಿಂದ ಹೊಸ ಫೋನಿನ ಆರಾಕಾಸ್ಟ್ (ಒಂದೇ ಫೋನಿನ ಸದ್ದನ್ನು ಹಲವು ಇಯರ್‌ಬಡ್‌ಗಳಿಗೆ ಒಟ್ಟಿಗೆ ಪ್ರಸಾರ ಮಾಡುವ ಬ್ಲೂಟೂತ್ ಸೌಲಭ್ಯ) ಮೂಲಕ ಅಪ್ಪ, ಅಮ್ಮ, ನಾನು ಮೂವರೂ ನಮ್ಮ ನಮ್ಮ ಇಯರ್‌ಬಡ್‌ಗಳಲ್ಲಿ ಒಂದೇ ಪ್ರಸಂಗ ಕೇಳುವ ಏರ್ಪಾಡು ಮಾಡಿದೆ. ನನಗೆ ಚೆನ್ನಾಗಿ ಕೇಳುತ್ತದೆ. ಅಪ್ಪ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಅರ್ಥಗಾರಿಕೆ ನಡುನಡುವೆ ಕಡಿದುಹೋಗುತ್ತದೆ. ಅಮ್ಮನಿಗಂತೂ ಏನೂ ಕೇಳುವುದಿಲ್ಲ. ಅವರ ಇಯರ್‌ಬಡ್ ಡಬ್ಬಿಯ ಮೇಲೆ ಬ್ಲೂಟೂತ್ 5.3 ಎಂದೇ ಅಚ್ಚಾಗಿದೆ, ಮಾಮೂಲಿನಂತೆ ಜೋಡಿಸಿದರೆ ಸದ್ದೂ ಬರುತ್ತದೆ. ಜೋಡಣೆ ಅಳಿಸಿ ಮೂರು ಸಲ ಹೊಸದಾಗಿ ಜೋಡಿಸಿದೆ, ಪ್ರಯೋಜನವಾಗಲಿಲ್ಲ.

ಉತ್ತರ (ಮಾಟುಂಗದಿಂದ):

ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ಆರಾಕಾಸ್ಟ್‌ಗೆ ಎಲ್‌ಇ ಆಡಿಯೋ, ಅಂದರೆ ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ಹೊಸ ಪದ್ಧತಿ, ಬೇಕು. ಅದಕ್ಕೆ ಆಧಾರವಾದ ವ್ಯವಸ್ಥೆ 5.2ನೇ ಆವೃತ್ತಿಯಲ್ಲೇ ಬಂದಿದ್ದರೂ ಅದನ್ನು ಅಳವಡಿಸಲೇಬೇಕೆಂಬ ಕಡ್ಡಾಯವಿಲ್ಲದ ಕಾರಣ, 5.3 ಎಂದು ಬರೆದುಕೊಂಡ ಎಷ್ಟೋ ಇಯರ್‌ಬಡ್‌ಗಳು ಹಳೆಯ ಪದ್ಧತಿಯನ್ನೇ ಬಲ್ಲವು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅಮ್ಮನ ಇಯರ್‌ಬಡ್ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿ ನೋಡಿ. ಅಲ್ಲಿ ‘ಎಲ್‌ಇ ಆಡಿಯೋ’ ಎಂಬ ಗುಂಡಿ ಇದ್ದು ಆಫ್ ಆಗಿದ್ದರೆ ಹಚ್ಚಿ. ಗುಂಡಿಯೇ ಇಲ್ಲದಿದ್ದರೆ ತಯಾರಕರ ಆ್ಯಪ್‌ನಲ್ಲಿ ಅಪ್‌ಡೇಟ್ ಇದೆಯೇ ನೋಡಿ. ಅದೂ ಇಲ್ಲವಾದರೆ ನೂರು ಸಲ ಜೋಡಿಸಿದರೂ ಫಲವಿಲ್ಲ.

ಅಪ್ಪನವರ ತೊಂದರೆಯ ಮೂಲ ಬೇರೆ. ಮಾಮೂಲು ಜೋಡಣೆಯಲ್ಲಿ ಒಂದು ತುಣುಕು ತಲುಪದಿದ್ದರೆ ಫೋನು ಅದನ್ನು ಮತ್ತೆ ಕಳಿಸುತ್ತದೆ. ಪ್ರಸಾರದಲ್ಲಿ ಫೋನಿಗೆ ಯಾರು ಕೇಳುತ್ತಿದ್ದಾರೆಂಬುದೇ ತಿಳಿಯದು. ಪ್ರತಿ ತುಣುಕನ್ನೂ ಗೊತ್ತುಮಾಡಿದಷ್ಟು ಸಲ ಹೇಳಿ ಮುಂದೆ ಸಾಗುತ್ತದೆ, ಅಷ್ಟರಲ್ಲಿ ಸಿಗದದ್ದು ಹೋಯಿತು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ಲೋಹವೂ ನಮ್ಮ ಮೈಯೂ ತಡೆಯುತ್ತವೆ. ವೈಫೈ ಗದ್ದಲವೂ ಅದೇ ತರಂಗಪಟ್ಟಿಯಲ್ಲಿದೆ. ಫೋನು ಎಲ್ಲಿಟ್ಟಿದ್ದೀರಿ?

ಅಂದ ಹಾಗೆ, ಪ್ರಸಾರಕ್ಕೆ ಪಾಸ್‌ವರ್ಡ್ ಹಾಕಿದ್ದೀರಿ ತಾನೇ? ಇಲ್ಲದಿದ್ದರೆ ಗೋಡೆ ತಟ್ಟುವವರೂ ತಕ್ಕ ಇಯರ್‌ಬಡ್ ಇದ್ದರೆ ಪ್ರಸಂಗ ಕೇಳಬಹುದು.

ಪ್ರಶ್ನೆ ಕೇಳಿದವರು:

ಅಮ್ಮನ ಇಯರ್‌ಬಡ್‌ಗೆ ಆ ಗುಂಡಿ ಇಲ್ಲ, ಅಪ್‌ಡೇಟೂ ಇಲ್ಲ. ಫೋನು ಕಬ್ಬಿಣದ ಕಪಾಟಿನೊಳಗಿನ ಹಲಗೆಯ ಮೇಲಿತ್ತು, ಚಾರ್ಜರ್ ಅಲ್ಲಿಗೇ ಎಟಕುತ್ತಿತ್ತು. ಬಾಗಿಲ ಬಳಿಯ ಸ್ಟೂಲಿಗೆ ತಂದಿಟ್ಟ ಮೇಲೆ ಅಪ್ಪ ಮೋರಿಯ ತನಕ ಹೋದರೂ ಮಾತು ಕಡಿಯುತ್ತಿಲ್ಲ. ಅಮ್ಮನಿಗೆ ಹೊಸ ಜೊತೆ ಕೊಳ್ಳುವುದೊಂದೇ ದಾರಿಯೇ?

ಉತ್ತರ (ಮಾಟುಂಗದಿಂದ):

ಈಗಲೇ ಬೇಡ. ಎಲ್‌ಇ ಆಡಿಯೋದಲ್ಲಿ ಎಡದ ಇಯರ್‌ಬಡ್ಡೂ ಬಲದ್ದೂ ಪ್ರಸಾರವನ್ನು ಪ್ರತ್ಯೇಕವಾಗಿಯೇ ಹಿಡಿಯಬಲ್ಲವು. ನಿಮ್ಮ ಎರಡು ಇಯರ್‌ಬಡ್‌ಗಳಲ್ಲಿ ಒಂದನ್ನು ಅಮ್ಮನಿಗೆ ಕೊಟ್ಟು, ಕಿವಿಯಿಂದ ತೆಗೆದರೆ ಸದ್ದು ನಿಲ್ಲುವ ಸೌಲಭ್ಯವನ್ನು ಆಫ್ ಮಾಡಿ, ಫೋನಿನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಮೊನೊ ಆಡಿಯೋ’ ಹಚ್ಚಿ. ಇಲ್ಲವಾದರೆ ಒಬ್ಬರಿಗೆ ಎಡದ ಸದ್ದು, ಇನ್ನೊಬ್ಬರಿಗೆ ಬಲದ್ದು ಮಾತ್ರ ಬಂದೀತು.

ಪ್ರಶ್ನೆ ಕೇಳಿದವರು:

ಮಾಡಿದೆ. ಮೊನೊ ಹಚ್ಚುವ ಮೊದಲು ಅಮ್ಮನಿಗೆ ಚೆಂಡೆಯೇ ಜೋರಾಗಿ, ಭಾಗವತರು ದೂರದಲ್ಲಿ ಹಾಡಿದಂತೆ ಕೇಳುತ್ತಿತ್ತಂತೆ. ಈಗ ಎರಡೂ ಸಮನಾಗಿವೆ. ನಿನ್ನೆ ಸಂಧಾನದ ಮಾತು ಮುಗಿಯುವವರೆಗೂ ಮೂವರಿಗೂ ಅಡ್ಡಿಯಾಗಲಿಲ್ಲ.