ದಾದರಿನಲ್ಲಿ ಸಿಕ್ಕ ಹಿರಿಯರಿಂದ ನಾನು ಟಿಕೆಟ್ಟಿನ ಹಣ ಪಡೆಯಬೇಕಿತ್ತೇ?

ಪ್ರಶ್ನೆ: ಧಾರವಾಡದ ಪಯಣಿಗ

ಕೆಲಸದ ನಿಮಿತ್ತ ನಾನು ವರ್ಷಕ್ಕೆ ಮೂರು-ನಾಲ್ಕು ಬಾರಿ ಮುಂಬಯಿಗೆ ಬರುತ್ತೇನೆ. ಕಳೆದ ವಾರ ದಾದರ್ ನಿಲ್ದಾಣದ ಮೇಲ್ಸೇತುವೆಯಲ್ಲಿ, ಎಪ್ಪತ್ತೈದು ದಾಟಿದಂತೆ ಕಾಣುತ್ತಿದ್ದ ದಂಪತಿ ಬಸವಳಿದು ನಿಂತು ಕನ್ನಡದಲ್ಲಿ ಮಾತನಾಡಿಕೊಳ್ಳುತ್ತಿದ್ದುದನ್ನು ಕೇಳಿ ಹತ್ತಿರ ಹೋದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೂರು ವರ್ಷ ರೈಲು ಹತ್ತದಿದ್ದ ಯಜಮಾನರು, ಕಲ್ಯಾಣದಲ್ಲಿರುವ ಮಗಳ ಮನೆಗೆ ಹೊರಟು, ಹಳೆಯ ರೂಢಿಯಂತೆ ‘ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಯಾವ ಕಡೆ?’ ಎಂದು ಒಬ್ಬ ಹುಡುಗನನ್ನು ಕೇಳಿದ್ದರು. ಅವನು ತನಗೆ ಗೊತ್ತಿದ್ದ ವೆಸ್ಟರ್ನ್ ರೈಲ್ವೆಯ ಒಂದನೇ ನಂಬರನ್ನು ತೋರಿಸಿದ್ದ. ಅಲ್ಲಿಯವರೆಗೆ ಹೋಗಿ ಇಳಿದು, ತಪ್ಪೆಂದು ತಿಳಿದು, ಮತ್ತೆ ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದರು. “ನಲವತ್ತು ವರ್ಷ ಇಲ್ಲೇ ಹತ್ತಿ ಇಳದೇನಿ ತಮ್ಮಾ, ಈಗ ನನ್ನ ನಿಲ್ದಾಣದಾಗ ನಾನೇ ದಾರಿ ಕೇಳಬೇಕಾಗೇತಿ” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು.

ಟಿಕೆಟ್ ಇನ್ನೂ ಆಗಿರಲಿಲ್ಲ. ನಾನು ಯಂತ್ರದಲ್ಲಿ ಫೋನಿನಿಂದಲೇ ಹಣ ತುಂಬಿ ಎರಡು ಟಿಕೆಟ್ ತೆಗೆದು ಕೈಗಿತ್ತೆ. ಅವರು ಎಣಿಸಿ ಕೊಟ್ಟ ಹಣವನ್ನು ‘ಇರಲಿ ಬಿಡ್ರಿ ಅಜ್ಜಾರ’ ಎಂದು ಹಿಂದಿರುಗಿಸಿದೆ. ಕೂಡಲೇ ಅವರ ಮುಖ ಬಾಡಿತು. ಆಮೇಲೆ ಮಾತೇ ಆಡಲಿಲ್ಲ. ಆ ಮೌನ ನನ್ನನ್ನು ಈಗಲೂ ಕಾಡುತ್ತಿದೆ. ನಾನು ಎಡವಿದ್ದೆಲ್ಲಿ?

ಉತ್ತರ: ಡೊಂಬಿವಲಿ ವಾಸಿ

ಮೊದಲು ಅಂಕಿಗಳ ವಿಷಯ ಹೇಳುತ್ತೇನೆ. ದಾದರಿನಲ್ಲಿ ವೆಸ್ಟರ್ನ್ ಮತ್ತು ಕಲ್ಯಾಣದ ರೈಲು ನಿಲ್ಲುವ ಸೆಂಟ್ರಲ್, ಈ ಎರಡೂ ರೈಲ್ವೆಗಳಿಗೆ ಅವುಗಳದೇ ‘ಒಂದನೇ ನಂಬರ್’ ಇದ್ದುದರಿಂದ ಹೊಸಬರು ದಾರಿ ತಪ್ಪುತ್ತಿದ್ದರು. ಅದಕ್ಕಾಗಿ 2023ರ ಡಿಸೆಂಬರ್ 9ರಿಂದ ವೆಸ್ಟರ್ನ್ ಕಡೆಯ 1ರಿಂದ 7 ಹಾಗೆಯೇ ಉಳಿದು, ಸೆಂಟ್ರಲ್ ಕಡೆಯವು 8ರಿಂದ 14 ಆದವು. ಬದಲಾವಣೆ ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ಹೊಸಬರ ಗೊಂದಲ ನೀಗಿದ ಆ ದಿನವೇ ಹಳಬರು ಹೊಸಬರಾದರು. ಯಾರಾದರೂ ಹಿರಿಯರು ಕೇಳಿದರೆ ನಾನು ‘ಸೆಂಟ್ರಲಿನ ಹಳೇ ಒಂದು, ಈಗಿನ ಎಂಟು’ ಎಂದು ಎರಡನ್ನೂ ಸೇರಿಸಿ ಹೇಳುತ್ತೇನೆ. ತಾವು ನೆನಪಿಟ್ಟದ್ದು ಸುಳ್ಳಲ್ಲ ಎಂದು ಅವರಿಗೆ ತಿಳಿದರೆ ಅರ್ಧ ದಣಿವು ಇಳಿಯುತ್ತದೆ.

ಉತ್ತರ: ಮಾಟುಂಗಾದ ನಿವೃತ್ತ

ನನಗೂ ಎಪ್ಪತ್ತೆರಡಾಯಿತು, ಆದ್ದರಿಂದ ಆ ಯಜಮಾನರ ಪರವಾಗಿ ಮಾತನಾಡಬಹುದು ಎಂದುಕೊಂಡಿದ್ದೇನೆ. ನೀವು ಹಣ ತೆಗೆದುಕೊಳ್ಳಬೇಕಿತ್ತು. ದೂರದ ರೈಲುಗಳಲ್ಲಿ ಅರವತ್ತು ತುಂಬಿದ ಗಂಡಸರಿಗೆ 40, ಐವತ್ತೆಂಟು ತುಂಬಿದ ಹೆಂಗಸರಿಗೆ 50 ಪ್ರತಿಶತ ರಿಯಾಯಿತಿ ಇತ್ತು; ಅದು 2020ರ ಮಾರ್ಚಿನಲ್ಲಿ ನಿಂತಿತು. ಅದಕ್ಕೂ ನಾವು ಹೊಂದಿಕೊಂಡೆವು, ಪೂರ್ತಿ ದರ ಕೊಟ್ಟೇ ಊರಿಗೆ ಹೋಗುತ್ತೇವೆ. ಕೊಡಲು ಕೈಯಲ್ಲಿ ಹಣವಿದ್ದರೂ ಕೊಡುವ ದಾರಿ ಗೊತ್ತಾಗದೆ ನಿಲ್ಲುವುದು ಮಾತ್ರ ಬೇರೆಯೇ ಬಗೆಯ ನೋವು. ನವೆಂಬರ್ ಬಂತೆಂದರೆ ಪಿಂಚಣಿಗಾಗಿ ನಾನು ಬದುಕಿದ್ದೇನೆಂಬ ಪ್ರಮಾಣವನ್ನು, ಫೋನಿನ ಎದುರು ಕಣ್ಣು ಮಿಟುಕಿಸಿ, ಮೊಮ್ಮಗಳ ಕೈಯಿಂದ ಸಲ್ಲಿಸುತ್ತೇನೆ. ಅವಳು ಪ್ರೀತಿಯಿಂದಲೇ ಮಾಡಿಕೊಡುತ್ತಾಳೆ. ಆದರೂ ಹಿಂದೆ ಬ್ಯಾಂಕಿಗೆ ನಡೆದುಹೋಗಿ, ಮೇಜಿನ ಮುಂದೆ ಕುಳಿತು, ನಾನೇ ಸಹಿ ಹಾಕಿ ಬರುತ್ತಿದ್ದುದು ನೆನಪಾಗುತ್ತದೆ. ನಿಮ್ಮ ಅಜ್ಜನಿಗೆ ಬೇಕಾಗಿದ್ದುದು ಯಂತ್ರ ಒತ್ತುವ ಕೈ. ಟಿಕೆಟ್ಟಿನ ಹಣ ಅವರಲ್ಲಿತ್ತು.

ಉತ್ತರ: ಠಾಣೆಯ ದೈನಿಕ ಪ್ರಯಾಣಿಕೆ

ಒಂದು ಉಪಯುಕ್ತ ಮಾಹಿತಿ: ಹಲವು ನಿಲ್ದಾಣಗಳಲ್ಲಿ ಟಿಕೆಟ್ ಯಂತ್ರದ ಬಳಿ ಸಹಾಯಕರು ಕುಳಿತಿರುತ್ತಾರೆ. ಅವರಲ್ಲಿ ನಿವೃತ್ತ ರೈಲ್ವೆ ನೌಕರರೂ ಇರುತ್ತಾರೆ. ನಗದು ಪಡೆದು ಕಾಗದದ ಟಿಕೆಟ್ ತೆಗೆದುಕೊಡುತ್ತಾರೆ. ಮುಂದಿನ ಸಲ ಹಿರಿಯರನ್ನು ಅಂಥ ಸಹಾಯಕರ ಬಳಿಗೆ ಕರೆದುಕೊಂಡು ಹೋಗಿ. ಆ ಜಾಗ ಒಮ್ಮೆ ಗೊತ್ತಾದರೆ ಹಿರಿಯರು ಇನ್ನೊಬ್ಬರನ್ನು ಕಾಯಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಬರೆಯದೆ ಉಳಿಸಿದ್ದ ಒಂದು ಮಾತಿದೆ. ರೈಲು ಬಂದಾಗ ಅಜ್ಜಿ ಹತ್ತುವ ಮುನ್ನ ಚೀಲಕ್ಕೆ ಕೈ ಹಾಕಿ, ಮಗಳಿಗೆಂದು ಕಟ್ಟಿಕೊಂಡಿದ್ದ ಶೇಂಗಾ ಉಂಡೆಗಳಲ್ಲಿ ಎರಡನ್ನು ನನ್ನ ಅಂಗೈಯಲ್ಲಿಟ್ಟು, ಬೇಡವೆನ್ನಲು ಅವಕಾಶ ಕೊಡದೆ ಬೆರಳು ಮಡಚಿದರು. ಅದನ್ನು ಪ್ರೀತಿ ಎಂದಷ್ಟೇ ತಿಳಿದಿದ್ದೆ. ನಿವೃತ್ತರ ಉತ್ತರ ಓದಿದ ಮೇಲೆ, ಅವು ಎರಡು ಟಿಕೆಟ್ಟಿಗೆ ಎರಡು ಉಂಡೆ ಎಂದು ಹೊಳೆಯಿತು.