ಹಲ್ಲಿನ ಇಂಪ್ಲಾಂಟ್: ನೋವು ಎಷ್ಟಿರುತ್ತದೆ, ಎಷ್ಟು ದಿನ ಇರುತ್ತದೆ? ಮಾಡಿಸಿಕೊಂಡವರು ಹೇಳಿ

ಪ್ರಶ್ನೆ

ನಮಸ್ಕಾರ. ಕೆಳಗಿನ ದವಡೆಯ ಎಡಗಡೆ ಒಂದು ಹಲ್ಲು ಸೀಳು ಬಿಟ್ಟಿತ್ತು. ರೂಟ್ ಕೆನಾಲ್ ಮಾಡಿಸಿದರೂ ಉಳಿಯಲಿಲ್ಲ. ಕೀಳುವಾಗ ಬೇರು ಮುರಿದು, ಚೂರು ಚೂರಾಗಿ ತೆಗೆಯಬೇಕಾಯಿತು. ಅದಾದ ಮೇಲೆ ಡ್ರೈ ಸಾಕೆಟ್ ಬೇರೆ ಆಯಿತು. ಆ ನೋವು ಕಿವಿಗೆ ಹತ್ತಿ, ತಲೆಗೆ ಹತ್ತಿ, ರಾತ್ರಿಯೆಲ್ಲ ಕೂತೇ ಕಳೆದಿದ್ದೇನೆ.

ಈಗ ಗಾಯ ಪೂರ್ತಿ ಮಾಗಿದೆ. ಸ್ಕ್ಯಾನ್ ಆಗಿದೆ. ಮೂಳೆ ಚೆನ್ನಾಗಿದೆ, ಇಂಪ್ಲಾಂಟ್ ಹಾಕಬಹುದು ಎಂದಿದ್ದಾರೆ. ನೋವಿನ ಬಗ್ಗೆ ಕೇಳಿದರೆ ಡಾಕ್ಟರ್ ಹೇಳುವುದು ಒಂದೇ ಮಾತು, "ಏನೂ ಗೊತ್ತಾಗಲ್ಲ, ಹೆದರಬೇಡಿ." ಹಲ್ಲು ಕೀಳುವಾಗಲೇ ಅಷ್ಟು ನೋವಾಗಿದ್ದರೆ, ಮೂಳೆಯನ್ನೇ ಕೊರೆದು ಸ್ಕ್ರೂ ಕೂರಿಸಿದರೆ ಇನ್ನೆಷ್ಟಾಗಬೇಡ? ಹಾಗಂತ ಆ ಜಾಗ ಖಾಲಿ ಬಿಡಲೂ ಮನಸ್ಸಿಲ್ಲ. ಎಲ್ಲವನ್ನೂ ಬಲಗಡೆಯೇ ಅಗಿದು ಅಗಿದು ಆ ಕಡೆ ದವಡೆ ಸೋತಿದೆ.

ನಾನು ಟೀಚರ್. ದಿನವಿಡೀ ಮಾತಾಡುವ ಕೆಲಸ. ಎಷ್ಟು ದಿನ ರಜೆ ಹಾಕಬೇಕು? ನೋವು ಯಾವಾಗ ಜಾಸ್ತಿ, ಯಾವಾಗ ಕಡಿಮೆ? ಇದ್ದದ್ದು ಇದ್ದ ಹಾಗೆ ಹೇಳಿ. ಧೈರ್ಯ ತುಂಬುವ ಮಾತು ಬೇಡ, ನಿಜ ಬೇಕು.

ಉತ್ತರ 1

ಟೀಚರ್, ನಿಮ್ಮದೇ ಜಾಗ, ನಿಮ್ಮದೇ ಭಯ. ನಾನೂ ಕೆಳಗಿನ ದವಡೆ ಹಲ್ಲಿಗೇ ಮಾಡಿಸಿಕೊಂಡವಳು. ನನಗೂ ಮೊದಲು ಹಲ್ಲು ಕೀಳಿಸಿದಾಗ ಜೀವ ಹೋಗುವಷ್ಟು ನೋವಾಗಿತ್ತು. ಇಂಪ್ಲಾಂಟ್ ನೋವು ಅದರ ಅರ್ಧವೂ ಇರಲಿಲ್ಲ.

ಇದಕ್ಕೆ ಕಾರಣ ಇದೆ, ಸುಮ್ನೆ ಹೇಳುತ್ತಿಲ್ಲ. ಹಲ್ಲು ಕೀಳುವಾಗ ಸಾಮಾನ್ಯವಾಗಿ ಅಲ್ಲಿ ಸೋಂಕು ಇರುತ್ತದೆ, ಊತ ಇರುತ್ತದೆ. ಅಂಥ ಜಾಗದಲ್ಲಿ ಮರಗಟ್ಟುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಮಾಗಿದ ಜಾಗದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಇನ್ನು ಡ್ರೈ ಸಾಕೆಟ್. ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಹೋಗಿ ಒಳಗಿನ ಮೂಳೆ ಬಯಲಾದರೆ ಅದು ಬರುತ್ತದೆ. ಇಂಪ್ಲಾಂಟ್‌ನಲ್ಲಿ ಆ ಥರ ತೆರೆದ ಗುಳಿಯೇ ಉಳಿಯುವುದಿಲ್ಲ. ಕೊರೆದ ಜಾಗದಲ್ಲಿ ಸ್ಕ್ರೂ ಕೂತಿರುತ್ತದೆ, ಸುತ್ತ ವಸಡು ಹೊಲಿದಿರುತ್ತಾರೆ. ಆ ಹಳೇ ನೋವು ಮತ್ತೆ ಬರುತ್ತದೇನೋ ಅನ್ನುವ ಭಯ ಬಿಡಿ.

ಕೂತಾಗ ಏನಾಗುತ್ತದೆ ಹೇಳುತ್ತೇನೆ. ಇಂಜೆಕ್ಷನ್ ಚುಚ್ಚುವಾಗ ಉರಿಯುತ್ತದೆ, ಆಮೇಲೆ ತುಟಿ ದಪ್ಪಗಾದ ಹಾಗೆ ಅನಿಸುತ್ತದೆ. ಅವರು ಏನೋ ಚೂಪಾದದ್ದರಲ್ಲಿ ವಸಡನ್ನು ಒತ್ತಿ "ಗೊತ್ತಾಗುತ್ತಾ?" ಅಂತ ಕೇಳುತ್ತಾರೆ. ಚುಚ್ಚಿದ ಹಾಗೆ ಸ್ವಲ್ಪ ಅನಿಸಿದರೂ ಆಗಲೇ ಹೇಳಿ, ಸಂಕೋಚ ಬೇಡ. ಇನ್ನೊಂದು ಸಲ ಇಂಜೆಕ್ಷನ್ ಕೊಡುತ್ತಾರೆ. ಡ್ರಿಲ್ ಶುರುವಾದರೆ ನೋವಲ್ಲ, ಅದುರು. ಪಕ್ಕದ ಮನೆಯವರು ಗೋಡೆ ಕೊರೆಯುವಾಗ ನಮ್ಮ ಗೋಡೆ ಅದುರುತ್ತದಲ್ಲ, ಹಾಗೆ ಇಡೀ ತಲೆಬುರುಡೆಯಲ್ಲಿ ಗುಂಯ್ ಅನ್ನುತ್ತದೆ. ಮೂಳೆಯ ಒಳಗಿಗಿಂತ ಅದರ ಮೇಲಿನ ಪೊರೆಗೇ ನೋವು ಗೊತ್ತಾಗುವುದು ಜಾಸ್ತಿಯಂತೆ. ಆ ಪೊರೆ, ವಸಡು ಎರಡೂ ಮರಗಟ್ಟಿರುತ್ತವೆ.

ತಣ್ಣಗಿನ ನೀರು ಬಿಡುತ್ತಲೇ ಇರುತ್ತಾರೆ, ಬಾಯಿ ತುಂಬಿಕೊಳ್ಳುತ್ತದೆ, ಪಕ್ಕದಲ್ಲಿ ಇನ್ನೊಬ್ಬರು ಎಳೆದು ತೆಗೆಯುತ್ತಿರುತ್ತಾರೆ. ಆ ನೀರು ಯಾಕೆ ಅಂತ ಕೇಳಿದ್ದೆ. ಮೂಳೆ 47 ಡಿಗ್ರಿಯಷ್ಟು ಬಿಸಿಯಾಗಿ ಒಂದು ನಿಮಿಷ ಇದ್ದರೂ ಹಾಳಾಗುತ್ತದೆ ಎಂದರು. ಅದಕ್ಕೇ ನಿಧಾನವಾಗಿ, ಸಣ್ಣ ಡ್ರಿಲ್‌ನಿಂದ ಶುರುಮಾಡಿ ದೊಡ್ಡದಕ್ಕೆ ಹೋಗುತ್ತಾರೆ. ಕೊನೆಗೆ ಚಿಕ್ಕ ಸ್ಪ್ಯಾನರ್ ಥರದ್ದರಲ್ಲಿ ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತಾರೆ. ದವಡೆಯನ್ನು ಕೆಳಕ್ಕೆ ಅದುಮಿದ ಹಾಗೆ ಅನಿಸುತ್ತದೆ. ನನಗೆ ಅದೇ ಎಲ್ಲಕ್ಕಿಂತ ಇರುಸುಮುರುಸು ಅನಿಸಿದ್ದು. ನೋವು ಅಂತ ಹೇಳಲಾರೆ.

ನಿಜವಾದ ನೋವು ಆ ದಿನ ಸಂಜೆಗೆ. ಮರಗಟ್ಟಿದ್ದು ಬಿಡುತ್ತಾ ಬಂದಾಗ ಒಳಗಿಂದ ಜುಂಯ್ ಜುಂಯ್ ಅನ್ನುತ್ತದೆ. ಮಾತ್ರೆಯನ್ನು ಅಷ್ಟರೊಳಗೇ, ತುಟಿ ಇನ್ನೂ ದಪ್ಪಗಿರುವಾಗಲೇ ತೆಗೆದುಕೊಂಡುಬಿಡಿ. ನೋವು ಏರಿದ ಮೇಲೆ ನುಂಗಿದರೆ ಅದು ಇಳಿಯುವ ತನಕ ಒದ್ದಾಡಬೇಕು. ಮೊದಲ ಎರಡು ರಾತ್ರಿ ದಿಂಬು ಎತ್ತರ ಮಾಡಿ ಮಲಗಿ. ತಲೆ ತಗ್ಗಿದರೆ ದವಡೆಯಲ್ಲಿ ಬಡಿತ ಜಾಸ್ತಿ.

ಊತ ಮಾರನೇ ದಿನವೇ ಇಳಿಯುತ್ತದೆ ಅಂದುಕೊಳ್ಳಬೇಡಿ. ಎರಡನೇ, ಮೂರನೇ ದಿನಕ್ಕೆ ಅದು ಜಾಸ್ತಿಯಾಗಿ ಆಮೇಲೆ ಇಳಿಯುವುದು. ನನ್ನ ಮಗಳು ಮುಖ ನೋಡಿ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿಬಿಟ್ಟಳು. ಕೆನ್ನೆ ಕೆಳಗೆ ನೀಲಿಗಟ್ಟಿ, ಅದು ಹಳದಿಯಾಗಿ ಕುತ್ತಿಗೆ ತನಕ ಇಳಿದಿತ್ತು. ನೋಡುವುದಕ್ಕೆ ಅಷ್ಟು ಕೆಟ್ಟದಾಗಿದ್ದರೂ ಮುಟ್ಟಿದರೆ ನೋವಿರಲಿಲ್ಲ. ಹೊಲಿಗೆ ಮಾತ್ರ ಕಿರಿಕಿರಿ. ದಾರದ ತುದಿ ಕೆನ್ನೆ ಒಳಗೆ ಚುಚ್ಚುತ್ತಿರುತ್ತದೆ, ನಾಲಗೆ ಬೇಡ ಅಂದರೂ ಅಲ್ಲಿಗೇ ಹೋಗುತ್ತದೆ.

ರಜೆ ಬಗ್ಗೆ: ಆಫೀಸ್ ಕೆಲಸಕ್ಕೆ ಮಾರನೇ ದಿನವೇ ಹೋಗುವವರಿದ್ದಾರೆ. ನಿಮ್ಮದು ಮಾತಿನ ಕೆಲಸ. ವಾರದ ಕೊನೆಗೆ ಮಾಡಿಸಿ, ಮುಂದೆ ಎರಡು ಮೂರು ದಿನ ರಜೆ ಇಟ್ಟುಕೊಳ್ಳಿ. ಮಾತಾಡಿದರೆ ಇಂಪ್ಲಾಂಟ್‌ಗೆ ಏನೂ ಆಗಲ್ಲ. ಆದರೆ ದವಡೆ ಬಿಗಿದಿರುತ್ತದೆ, ಬಾಯಿ ಅಗಲವಾಗಿ ತೆರೆಯಲು ಬರುವುದಿಲ್ಲ. ಹಿಂದಿನ ಬೆಂಚಿಗೆ ಕೇಳುವ ಹಾಗೆ ಪಾಠ ಮಾಡುವುದು ಕಷ್ಟ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದು ಮೂಳೆ ಗಟ್ಟಿಯಿದ್ದು ಒಂದೇ ಹಲ್ಲು ಹಾಕಿಸಿದವರ ಮಾತು. ನನ್ನದು ಮೇಲಿನ ದವಡೆ. ಮೂಳೆ ತೆಳುವಾಗಿತ್ತು ಅಂತ ಸೈನಸ್ ಲಿಫ್ಟ್ (ಮೇಲಿನ ದವಡೆಯ ಮೇಲಿರುವ ಗಾಳಿಗೂಡಿನ ಪೊರೆಯನ್ನು ಮೇಲಕ್ಕೆ ಎತ್ತುವುದು) ಮಾಡಿ, ಆ ಜಾಗಕ್ಕೆ ಮೂಳೆ ತುಂಬಿ, ಅದು ಕೂಡಿಕೊಂಡ ಮೇಲೆ ಇಂಪ್ಲಾಂಟ್ ಹಾಕಿದರು. ಊತ ಕಣ್ಣಿನ ಕೆಳಗಿನವರೆಗೂ ಬಂದಿತ್ತು. ಮೂಗಿನಲ್ಲಿ ಸ್ವಲ್ಪ ರಕ್ತ ಜಿನುಗಿತು. ನೋವಿಗಿಂತ ಮುಖದ ಆ ಭಾಗವೆಲ್ಲ ಭಾರ ಭಾರ.

ಸೈನಸ್ ಹತ್ತಿರ ಕೈ ಹಾಕಿದ್ದರೆ ಮೂಗು ಸೀಟಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದೇ ಸೀನಬೇಕು. ಒತ್ತಡಕ್ಕೆ ಒಳಗೆ ತುಂಬಿದ್ದು ಜರುಗಿಬಿಡಬಹುದು. ಟೀಚರ್‌ಗೆ ಇದು ಬೇಕಾಗಲಿಕ್ಕಿಲ್ಲ. ಮೇಲಿನ ಹಲ್ಲಿಗೆ ಮಾಡಿಸುವವರು ಇದನ್ನು ಓದಿದರೆ ಇರಲಿ ಅಂತ ಬರೆದೆ.

ಉತ್ತರ 3

ನಾನು ಹಲ್ಲಿನ ಡಾಕ್ಟರ್. "ಏನೂ ಗೊತ್ತಾಗಲ್ಲ" ಎಂಬ ಮಾತು ನನಗೂ ಇಷ್ಟವಿಲ್ಲ. ಏನು ಆಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಜನ ಅದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತಾರೆ.

ನೋವು ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ಕಡೆ ಹೋಗುತ್ತಿದೆ ಅಂತ ನೋಡಿ. ಮೊದಲ ಮೂರು ದಿನ ಇದ್ದು, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಚಿಂತೆಯಿಲ್ಲ. ಇಳಿದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಕೀವು ಅಥವಾ ಕೆಟ್ಟ ರುಚಿ ಬಾಯಿಗೆ ಬಂದರೆ ಕಾಯಬೇಡಿ, ಹೋಗಿ ತೋರಿಸಿ.

ಕೆಳಗಿನ ದವಡೆಯಾದ್ದರಿಂದ ಇನ್ನೊಂದು ಮಾತು. ಅಲ್ಲಿ ಮೂಳೆಯೊಳಗೆ ತುಟಿ, ಗಲ್ಲಕ್ಕೆ ಹೋಗುವ ನರ ಇದೆ. ಸ್ಕ್ಯಾನ್ ನೋಡಿ ಅದರಿಂದ 2 ಮಿಲಿಮೀಟರ್‌ನಷ್ಟಾದರೂ ದೂರ ಇರುವ ಹಾಗೆ ಇಂಪ್ಲಾಂಟ್ ಅಳತೆ ಆರಿಸುತ್ತೇವೆ. ಮರಗಟ್ಟಿದ ತುಟಿ ಕೆಲವು ಗಂಟೆಗಳಲ್ಲಿ ಬಿಡಬೇಕು. ಬೆಳಗ್ಗೆ ಎದ್ದಾಗಲೂ ತುಟಿ ಅಥವಾ ಗಲ್ಲ ಮರಗಟ್ಟಿಯೇ ಇದ್ದರೆ ನೋವಿಲ್ಲ ಅಂತ ಸುಮ್ಮನಿರಬೇಡಿ. ಅವತ್ತೇ ಫೋನ್ ಮಾಡಿ. ನರಕ್ಕೆ ಒತ್ತುತ್ತಿದ್ದರೆ ಬೇಗ ಸಡಿಲ ಮಾಡಿದಷ್ಟೂ ಸ್ಪರ್ಶ ಮರಳುವ ಸಾಧ್ಯತೆ ಜಾಸ್ತಿ.

ಮಾತ್ರೆಗೆ ಬಂದರೆ, ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಜೊತೆಯಾಗಿ ಕೊಟ್ಟಾಗ ಒಂದೊಂದನ್ನೇ ಕೊಡುವುದಕ್ಕಿಂತ ನೋವು ಚೆನ್ನಾಗಿ ಇಳಿಯುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಐಬುಪ್ರೊಫೆನ್ ಆಗಿಬರುವುದಿಲ್ಲ. ನಿಮ್ಮ ಡಾಕ್ಟರ್ ಬರೆದುಕೊಟ್ಟದ್ದನ್ನೇ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿ ನಿಲ್ಲಿಸಬಾರದು. ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ಅದು ದವಡೆ ಮೂಳೆ ಮಾಗುವುದಕ್ಕೆ ಅಡ್ಡಬರಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಸಿಗರೇಟು ಪೂರ್ತಿ ಬಿಡಬೇಕು, ಇದರಲ್ಲಿ ರಾಜಿ ಇಲ್ಲ.

ಮೊದಲ ದಿನ ಜೋರಾಗಿ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಹೊರಗಿಂದ ಐಸ್ ಪ್ಯಾಕ್ ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಇಟ್ಟು, ಕಾಲು ಗಂಟೆ ಬಿಡಿ. ಮಾರನೇ ದಿನದಿಂದ ಉಪ್ಪುನೀರು, ಅಥವಾ ಕೊಟ್ಟಿದ್ದರೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಅದರಿಂದ ರುಚಿ ಸ್ವಲ್ಪ ಕೆಡುತ್ತದೆ, ತುಂಬಾ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ. ಹೇಳಿದಷ್ಟು ದಿನ ಮಾತ್ರ ಬಳಸಿ.

ಇನ್ನು, ಯಾರೂ ಕೇಳದ ಒಂದು ವಿಷಯ. ಎರಡು ವಾರದಲ್ಲಿ ನೋವು ಹೋಗಿರುತ್ತದೆ, ಹೊಲಿಗೆ ಬಿಚ್ಚಿರುತ್ತೇವೆ. ಎಲ್ಲ ಮುಗಿಯಿತು ಅಂತ ಅನಿಸುವುದು ಆಗಲೇ. ಆದರೆ ಇಂಪ್ಲಾಂಟ್ ಹಿಡಿತ ಎಲ್ಲಕ್ಕಿಂತ ಕಡಿಮೆ ಇರುವುದು ಮೂರನೇ, ನಾಲ್ಕನೇ ವಾರದ ಹೊತ್ತಿಗೆ. ಮೊದಲು ಸ್ಕ್ರೂವನ್ನು ಬಿಗಿಯಾಗಿ ಹಿಡಿದಿದ್ದ ಹಳೇ ಮೂಳೆಯನ್ನು ದೇಹ ಕರಗಿಸುತ್ತಿರುತ್ತದೆ, ಹೊಸ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಸಮಯದಲ್ಲಿ ನೋವಿಲ್ಲ ಅಂತ ಆ ಕಡೆ ಗಟ್ಟಿ ಪದಾರ್ಥ ಅಗಿದರೆ ಸ್ಕ್ರೂ ಕೂದಲೆಳೆಯಷ್ಟು ಅಲುಗಿದರೂ ಸಾಕು, ಸುತ್ತ ಮೂಳೆ ಬದಲು ನಾರು ಬೆಳೆಯುತ್ತದೆ. ಅಂಥ ಇಂಪ್ಲಾಂಟ್ ತೆಗೆಯಲೇಬೇಕಾಗುತ್ತದೆ. ಕೆಳಗಿನ ದವಡೆಗೆ ಸುಮಾರು ಮೂರು ತಿಂಗಳು, ಮೇಲಿನದಕ್ಕೆ ನಾಲ್ಕರಿಂದ ಆರು ತಿಂಗಳು ಕಾಯಿಸುವುದು ಇದಕ್ಕೇ.

ಮೂಳೆ ಟೈಟಾನಿಯಂ ಅನ್ನು ಹೀಗೆ ಕಚ್ಚಿಕೊಳ್ಳುತ್ತದೆ ಅಂತ ಗೊತ್ತಾದದ್ದೂ ಬೇರೇನೋ ನೋಡಲು ಹೋದಾಗ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಸಾಧನ ಇಟ್ಟು ರಕ್ತದ ಓಡಾಟ ನೋಡುತ್ತಿದ್ದರು. ಆಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಆ ಇಂಪ್ಲಾಂಟ್‌ಗಳು 40 ವರ್ಷ, ಆ ಮನುಷ್ಯ ಇರುವವರೆಗೂ ಕೆಲಸ ಮಾಡಿದವು. ಆ ಬೆಸುಗೆಗೆ ಬೇಕಾದ ಸಮಯ ಕೊಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಿಮ್ಮದನ್ನು ಓದಿದ ಮೇಲೆ ದಿನ ಗೊತ್ತುಮಾಡಿಬಿಟ್ಟೆ. ಒಂದೇ ಅನುಮಾನ. ಮೂರು ತಿಂಗಳಾದ ಮೇಲೆ ಕ್ರೌನ್ (ಸ್ಕ್ರೂ ಮೇಲೆ ಕೂರಿಸುವ ಹೊಸ ಹಲ್ಲು) ಹಾಕುವಾಗ ಮತ್ತೆ ಕೊಯ್ಯುತ್ತಾರಾ?

ಉತ್ತರ 1

ಅದು ಅವರು ಹೇಗೆ ಹಾಕುತ್ತಾರೆ ಎಂಬುದರ ಮೇಲೆ. ನನಗೆ ಸ್ಕ್ರೂ ಮೇಲೆ ವಸಡು ಪೂರ್ತಿ ಮುಚ್ಚಿ ಹೊಲಿದಿದ್ದರು. ಅದಕ್ಕೇ ಆಮೇಲೆ ಸ್ವಲ್ಪ ಕೊಯ್ದು ಹೀಲಿಂಗ್ ಕ್ಯಾಪ್ (ಕ್ರೌನ್ ಬರುವ ತನಕ ಸ್ಕ್ರೂ ಮೇಲೆ ಕೂರುವ ಲೋಹದ ಮುಚ್ಚಳ) ಹಾಕಿದರು. ಅದಕ್ಕೂ ಇಂಜೆಕ್ಷನ್ ಕೊಟ್ಟರು. ಅದು ಬಿಟ್ಟ ಮೇಲೆ ಒಂದು ದಿನ ಉರಿ ಅಷ್ಟೆ. ಮೊದಲೇ ಕ್ಯಾಪ್ ಹಾಕಿ ಅದನ್ನು ವಸಡಿನ ಮೇಲೆ ಕಾಣುವ ಹಾಗೆ ಬಿಟ್ಟರೆ ಎರಡನೇ ಸಲ ಕೊಯ್ಯುವುದೇ ಇಲ್ಲ. ಕ್ರೌನ್ ಕೂರಿಸುವ ದಿನ ವಸಡು ಬಿಗಿ ಬಿಗಿ ಅನಿಸಿತು, ಸ್ವಲ್ಪ ಹೊತ್ತಿಗೆ ಸರಿಹೋಯಿತು.

ಹೊಸ ಹಲ್ಲು ಸ್ವಂತ ಹಲ್ಲಿನ ಹಾಗೆ ಅನಿಸಲು ಸ್ವಲ್ಪ ದಿನ ಬೇಕು. ಬೇರಿನ ಸುತ್ತ ಇರುವ ನಾರುಗಳಿಂದ ನಮಗೆ ಎಷ್ಟು ಒತ್ತಿ ಕಚ್ಚುತ್ತಿದ್ದೇವೆ ಅಂತ ಗೊತ್ತಾಗುವುದಂತೆ. ಇಂಪ್ಲಾಂಟ್‌ಗೆ ಆ ನಾರು ಇಲ್ಲ. ಮೊದಮೊದಲು ಕಚ್ಚಿದ್ದೇ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಆಯಿತು! ನೀವು ಹೇಳಿದ ಹಾಗೇ ಆಯಿತು. ಸಂಜೆ ಮಾತ್ರೆ ಮೊದಲೇ ನುಂಗಿದ್ದರಿಂದ ರಾತ್ರಿ ನಿದ್ದೆ ಬಂತು. ಮೂರನೇ ದಿನ ಕೆನ್ನೆ ಊದಿ ಗಲ್ಲದ ಗೆರೆಯೇ ಕಾಣುತ್ತಿರಲಿಲ್ಲ. ಮೊದಲೇ ಗೊತ್ತಿದ್ದರಿಂದ ಹೆದರಲಿಲ್ಲ. ಈಗ ಊತ ಇಳಿದಿದೆ, ಕ್ಲಾಸಿಗೂ ಹೋಗುತ್ತಿದ್ದೇನೆ. ತುಟಿ ಸರಿಯಾಗಿದೆ.

ಆದರೆ ನಿನ್ನೆಯಿಂದ ನಾಲಗೆ ತಗುಲಿದರೆ ವಸಡಿನ ಮೇಲೆ ಕಾಣುವ ಆ ಲೋಹದ ಗುಂಡಿ ಅಲುಗುತ್ತಿದೆ. ನೋವಿಲ್ಲ. ಇಂಪ್ಲಾಂಟೇ ಸಡಿಲವಾಯಿತಾ ಅಂತ ಕೈಕಾಲು ತಣ್ಣಗಾಗಿದೆ. ಡಾಕ್ಟರ್, ದಯವಿಟ್ಟು ಹೇಳಿ.

ಉತ್ತರ 3

ಮೇಡಂ, ನಾಲಗೆಗೆ ಸಿಗುವುದು ಇಂಪ್ಲಾಂಟ್ ಅಲ್ಲ, ಅದರ ಮೇಲಿನ ಹೀಲಿಂಗ್ ಕ್ಯಾಪ್. ಅದು ಬೇರೆಯೇ ತಿರುಪು, ಎಷ್ಟೋ ಸಲ ಸಡಿಲವಾಗುತ್ತದೆ. ನೋವು, ಕೀವು ಇಲ್ಲ ಎಂದರೆ ಹೆಚ್ಚಾಗಿ ಅದೇ ಇರಬೇಕು. ಆದರೂ ನೋಡಿಯೇ ಖಾತ್ರಿ ಮಾಡಬೇಕು, ಇವತ್ತೇ ಫೋನ್ ಮಾಡಿ ಹೋಗಿ. ಕ್ಯಾಪ್ ಬಿಟ್ಟುಬಂದರೆ ಕೆಲವೇ ದಿನಗಳಲ್ಲಿ ವಸಡು ಮುಚ್ಚಿಕೊಳ್ಳುತ್ತದೆ, ಆಗ ಮತ್ತೆ ಕೊಯ್ಯಬೇಕಾಗುತ್ತದೆ. ನೀವೇ ಬೆರಳಿನಲ್ಲಿ ತಿರುಗಿಸಲು ಹೋಗಬೇಡಿ. ಕೈಗೆ ಬಂದರೆ ಎಸೆಯದೆ ಡಬ್ಬಿಯಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಆ ಕಡೆ ಅಗಿಯಬೇಡಿ, ನಿದ್ದೆಯಲ್ಲಿ ನುಂಗಿಬಿಡುವ ಅಪಾಯವೂ ಇದೆ, ನಾಳೆಗೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಹೋಗಿಬಂದೆ. ಕ್ಯಾಪೇ ಸಡಿಲವಾಗಿದ್ದದ್ದು. ತೆಗೆದು, ತೊಳೆದು, ಮತ್ತೆ ಬಿಗಿ ಮಾಡಿದರು. ಐದು ನಿಮಿಷವೂ ಆಗಲಿಲ್ಲ, ಇಂಜೆಕ್ಷನ್ನೂ ಬೇಕಾಗಲಿಲ್ಲ. ಎಕ್ಸ್‌ರೇ ತೆಗೆದು ನೋಡಿದರು, ಇಂಪ್ಲಾಂಟ್ ಕೂತ ಜಾಗದಲ್ಲೇ ಇದೆ. ಕ್ರೌನ್ ಬರುವ ತನಕ ಬಲಗಡೆಯೇ ಅಗಿಯಬೇಕು ಎಂದಿದ್ದಾರೆ.