ಹಳೇ ಬೆಳ್ಳಿ ರೂಪಾಯಿ ಮೇಲೆ ನಕ್ಷತ್ರ, ಅರ್ಧಚಂದ್ರ: ಯಾರು ಒತ್ತಿದ್ದು?

ಪ್ರಶ್ನೆ (ಶಿರಸಿ ಸೊಸೆ):
ನಮಸ್ಕಾರ. ನಮ್ಮ ಅತ್ತೆಯ ಒಡವೆ ಡಬ್ಬಿಯಲ್ಲಿ ಒಂದು ದಪ್ಪ ಬೆಳ್ಳಿ ನಾಣ್ಯ ಸಿಕ್ಕಿದೆ. ಪೂರ್ತಿ ದುಂಡಗಿಲ್ಲ. ಎರಡೂ ಕಡೆ ಪಾರಸಿ ಬರಹ, ಅದೂ ಅರ್ಧಂಬರ್ಧ. ಒಂದು ಕಡೆ ಬರಹದ ನಡುವೆ ಪುಟ್ಟ ತಾವರೆ ಇದೆ. ಇನ್ನೊಂದು ಕಡೆ ಅಕ್ಷರಗಳ ಮೇಲೇ ನಕ್ಷತ್ರ, ಅರ್ಧಚಂದ್ರ, ಮೂರು ಚುಕ್ಕೆ. ಅಂಚಿನಲ್ಲಿ ಒಂದು ಕಚ್ಚು. ಬೆಳ್ಳಿ ಅಂಗಡಿಯವರೊಬ್ಬರು ‘ಇದು ಡೂಪ್ಲಿಕೇಟು, ತೂಕಕ್ಕೆ ಹಾಕಿ’ ಅಂದರು. ಅರ್ಧಚಂದ್ರ ಇದ್ದರೆ ಪಾಂಡಿಚೇರಿಯ ಫ್ರೆಂಚರ ನಾಣ್ಯ ಅಂತ ಎಲ್ಲೋ ಓದಿದ್ದೆ. ಹೌದಾ?

ಉತ್ತರ (ಹಳೇ ರೂಪಾಯಿ):
ಮೇಡಂ, ದಯವಿಟ್ಟು ತೂಕಕ್ಕೆ ಹಾಕಬೇಡಿ! ಮೊದಲು ಒಂದು ಕೆಲಸ ಮಾಡಿ. ಕಿಟಕಿ ಹತ್ತಿರ ಓರೆ ಬೆಳಕಲ್ಲಿ ಹಿಡಿದು ನೋಡಿ. ತಾವರೆ ಉಬ್ಬಿದೆಯಾ, ತಗ್ಗಿದೆಯಾ? ಚಂದ್ರ ಹೇಗಿದೆ? ಉಬ್ಬಿದ್ದು ಟಂಕಸಾಲೆಯ ಅಚ್ಚಿನಲ್ಲೇ ಇದ್ದ ಗುರುತು. ತಗ್ಗಿದ್ದು ಆಮೇಲೆ ಉಳಿಯಿಂದ ಹೊಡೆದದ್ದು. ಆರ್ಕಾಟ್ ಹೆಸರಲ್ಲಿ ಒತ್ತುತ್ತಿದ್ದ ರೂಪಾಯಿಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಟಂಕಸಾಲೆ ತಾವರೆ ಹಾಕುತ್ತಿತ್ತು, ಪಾಂಡಿಚೇರಿಯವರು ಅರ್ಧಚಂದ್ರ. ಆದರೆ ಆ ಅರ್ಧಚಂದ್ರ ಉಬ್ಬಿರುತ್ತೆ.

ತೂಕವನ್ನೂ ಹೇಳಿ. 11.5 ಗ್ರಾಂ ಆಸುಪಾಸು ಇರಬೇಕು.

ಶಿರಸಿ ಸೊಸೆ:
ನೋಡಿದೆ ಸರ್. ತಾವರೆ ಉಬ್ಬಿದೆ. ಚಂದ್ರ, ನಕ್ಷತ್ರ, ಚುಕ್ಕೆ ಮೂರೂ ತಗ್ಗು. ಚಂದ್ರನ ಸುತ್ತ ಬೆಳ್ಳಿ ಸ್ವಲ್ಪ ಎದ್ದು ನಿಂತಿದೆ, ಕೆಳಗಿದ್ದ ಅಕ್ಷರ ಚಪ್ಪಟೆಯಾಗಿದೆ. ತೂಕ 11.4. ಎರಡು ನೆಟ್ಟ ಗೀಟು, ಆಮೇಲೆ ವಿ ಅಕ್ಷರದಂಥದ್ದು, ಅದರ ಪಕ್ಕ ಇನ್ನೊಂದು ಅಂಕಿ ಕಾಣುತ್ತೆ.

ಹಳೇ ರೂಪಾಯಿ:
ಹಾಗಾದರೆ ಮದರಾಸಿನದೇ. ಆ ಅಂಕಿ 1172, ಹಿಜರಿ ವರ್ಷ. ಮೊಘಲ್ ಬಾದಶಹ ಎರಡನೇ ಆಲಂಗೀರನ 6ನೇ ಆಳ್ವಿಕೆ ವರ್ಷ ಅದು. ಕಂಪನಿ ಅದನ್ನೇ ಹಿಡಿದುಕೊಂಡು ದಶಕಗಟ್ಟಲೆ ಹಾಕಿತು. ಹಾಗಾಗಿ ನಾಣ್ಯ 1758-59ರದೇ ಅಂತ ಲೆಕ್ಕ ಹಾಕಬೇಡಿ.

ತಗ್ಗಿದವು ಚಿನಿವಾರರ, ಅಂದರೆ ನಾಣ್ಯ ಪರೀಕ್ಷಿಸಿ ಬದಲಾಯಿಸಿ ಕೊಡುತ್ತಿದ್ದ ಸರಾಫರ ಗುರುತುಗಳು. ಆಗ ಎಷ್ಟೋ ಬಗೆಯ ರೂಪಾಯಿ ಓಡಾಡುತ್ತಿದ್ದವು. ಬೆಳ್ಳಿ ಪರೀಕ್ಷೆ ಮಾಡಿ, ‘ಇದು ಸರಿ’ ಅಂತ ಒಂದು ಪುಟ್ಟ ಮೊಳೆಮುದ್ರೆ ಒತ್ತಿ ಬಿಡುತ್ತಿದ್ದರು. ಆ ಕಚ್ಚು ಒಳಗೆ ತಾಮ್ರ ಇದೆಯಾ ಅಂತ ನೋಡಿದ್ದು. ಡೂಪ್ಲಿಕೇಟು ಅನ್ನುವುದಕ್ಕೆ ಗುರುತನ್ನೇ ಕಾರಣ ಕೊಟ್ಟರೆ ಅದು ತಿರುಗಾಮುರುಗಾ ಮಾತು. ಕೈ ಬದಲಾದ ಹಾಗೆ ಗುರುತು ಜಾಸ್ತಿಯಾಗುತ್ತಿತ್ತು. ಇವು ಖಾಸಗಿ ಗುರುತುಗಳು, ಸರಕಾರದ್ದಲ್ಲ. ಬರೀ ನಕ್ಷತ್ರ ನೋಡಿ ಊರು, ಪೇಟೆ ಹೇಳ್ತೀನಿ ಅನ್ನುವವರನ್ನು ನಂಬಬೇಡಿ. ನನಗಂತೂ ಇಂಥ ನಾಣ್ಯ ಬಹಳ ಇಷ್ಟ. ಥಳಥಳ ಹೊಳೆಯುವ ರೂಪಾಯಿ ಪೆಟ್ಟಿಗೆಯಲ್ಲೇ ಕೂತಿತ್ತು ಅಂತಾಯಿತು. ಇದು ಸಂತೆ ಸುತ್ತಿ ಬಂದದ್ದು.

ಇನ್ನೊಂದು ಉತ್ತರ (ವಟ್ಟದ ಲೆಕ್ಕ):
ಒಂದು ಮಾತು ಸೇರಿಸುತ್ತೇನೆ. ವರ್ಷ ಬದಲಿಸದೆ ಇರುವುದಕ್ಕೂ ಚಿನಿವಾರರಿಗೂ ಸಂಬಂಧ ಇದೆ. ಬಂಗಾಳದಲ್ಲಿ ಸಿಕ್ಕಾ ಅನ್ನುವ ಅಲ್ಲಿನ ರೂಪಾಯಿಗೆ ಮೊದಲ ವರ್ಷ ಪೂರ್ತಿ ಬೆಲೆ. ವರ್ಷ ಹಳೇದಾದರೆ, ಸವೆಯದಿದ್ದರೂ ಚಿನಿವಾರರು ವಟ್ಟ ಅಂತ ಬೆಲೆಯಲ್ಲಿ ಒಂದಿಷ್ಟು ಕಳೆಯುತ್ತಿದ್ದರು. ಆ ಕಾಟ ತಪ್ಪಿಸಲು ಕಂಪನಿ ಅಲ್ಲಿ ನಾಣ್ಯದ ಮೇಲೆ ಮೊಘಲ್ ಬಾದಶಹ ಶಾ ಆಲಂನ 19ನೇ ಆಳ್ವಿಕೆ ವರ್ಷವನ್ನೇ ಕಾಯಂ ಮಾಡಿತು. 1835ರಲ್ಲಿ ಬ್ರಿಟಿಷ್ ದೊರೆ ನಾಲ್ಕನೇ ವಿಲಿಯಂನ ಮುಖ ಹಾಕಿ, ಒಂದೇ ತೂಕದ ರೂಪಾಯಿ ತಂದರು.

ಮಾರುಕಟ್ಟೆಯಲ್ಲಿ ಗುರುತು ಜಾಸ್ತಿ ಇದ್ದರೆ ಸಾಮಾನ್ಯವಾಗಿ ಬೆಲೆ ಕಮ್ಮಿ. ಚೀನಾದಲ್ಲಿ ಗುರುತು ಬಿದ್ದ ಬೆಳ್ಳಿ ಡಾಲರುಗಳನ್ನು ಗುರುತಿಗಾಗಿಯೇ ಹುಡುಕುವವರಿದ್ದಾರೆ. ನಮ್ಮಲ್ಲೂ ಆ ಅಕ್ಕರೆ ಬರಬೇಕು.

ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ತಗ್ಗಿನಲ್ಲಿ ಕೂತ ಕಪ್ಪು ಇದ್ದರೇ ಗುರುತು ಚೆನ್ನಾಗಿ ಕಾಣುವುದು.

ಶಿರಸಿ ಸೊಸೆ:
ಅತ್ತೆ ಹುಣಸೆಹಣ್ಣು ನೆನೆಹಾಕಿದ್ದರು, ಈಗಲೇ ಹೇಳಿ ತಡೆದೆ. ಇಬ್ಬರಿಗೂ ಧನ್ಯವಾದ. ನಾಳೆ ಹಗಲಲ್ಲಿ ಎರಡೂ ಕಡೆಯ ಫೋಟೊ ಹಾಕುತ್ತೇನೆ.